ವಿದ್ಯುತ್ ಜಾಲದ ಮೇಲ್ದರ್ಜೆ: ಮಾರ್ಗದ ಜಾಡು ಅಂತಿಮವಾಗುವ ಮುನ್ನ ಗ್ರಾಮ ಪಂಚಾಯತಿಯ ಹೊಣೆ

ಪಾಠದ ಉದ್ದೇಶ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಸಭೆಗಳಲ್ಲಿ ವಿದ್ಯುತ್ತಿನ ಬಗ್ಗೆ ಎರಡು ಬಗೆಯ ಅಹವಾಲುಗಳು ಬರುತ್ತವೆ. ವೋಲ್ಟೇಜ್ ಸಾಲದೆ ಮೋಟಾರುಗಳು ಸುಡುತ್ತಿವೆ, ಹೊಸ ಮಾರ್ಗ ಬೇಕು ಎಂಬುದು ಒಂದು. ಹೊಸ ಮಾರ್ಗ ನಮ್ಮ ತೋಟದ ಮೇಲೆ ಹಾಯಬಾರದು ಎಂಬುದು ಇನ್ನೊಂದು. ಎರಡೂ ನ್ಯಾಯವಾದವುಗಳೇ. ಇವೆರಡನ್ನೂ ಹೊಂದಿಸಲು ಅವಕಾಶವಿರುವುದು ಮಾರ್ಗದ ಜಾಡು ಅಂತಿಮವಾಗುವ ಮುನ್ನ. ಗೋಪುರದ ಗುಂಡಿ ತೋಡಿದ ನಂತರ ಪರಿಹಾರದ ಮೊತ್ತವನ್ನು ಬಿಟ್ಟು ಚರ್ಚಿಸಲು ಹೆಚ್ಚೇನೂ ಉಳಿಯುವುದಿಲ್ಲ. ಆ ಮೊದಲ ಹಂತದಲ್ಲಿ ಪಂಚಾಯತಿ ಮಾಡಬೇಕಾದುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಸಂವಿಧಾನದ 11ನೇ ಅನುಸೂಚಿಯ 14ನೇ ವಿಷಯವು ವಿದ್ಯುತ್ ವಿತರಣೆಯೂ ಸೇರಿದಂತೆ ಗ್ರಾಮೀಣ ವಿದ್ಯುದೀಕರಣವನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಹೆಸರಿಸಿದೆ. ಆದ್ದರಿಂದ ಬೀದಿ ದೀಪದ ನಿರ್ವಹಣೆಯೊಂದೇ ನಮ್ಮ ಕೆಲಸವೆಂದು ಭಾವಿಸಬೇಕಾಗಿಲ್ಲ.

1. ಹೊಸ ಮಾರ್ಗ ಏಕೆ ಬೇಕು?

ತಂತಿಯಲ್ಲಿ ಆಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿಯಾಗುತ್ತದೆ. ಮಾರ್ಗ ಉದ್ದವಾದಷ್ಟೂ ಕೊನೆಯ ಹಳ್ಳಿಗೆ ತಲುಪುವ ವೋಲ್ಟೇಜ್ ಕುಗ್ಗುತ್ತದೆ. ವೋಲ್ಟೇಜ್ ಕುಗ್ಗಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಎಳೆಯುತ್ತದೆ. ಅದರಿಂದ ಸುರುಳಿ ಬಿಸಿಯಾಗಿ ಸುಡುತ್ತದೆ, ಪರಿವರ್ತಕದ ಮೇಲೂ ಹೊರೆ ಏರುತ್ತದೆ. ಕೊಳವೆಬಾವಿ ನಂಬಿದ ಕಡೂರು ಸೀಮೆಯ ತೆಂಗು ಮತ್ತು ಅಡಿಕೆ ತೋಟಗಳಲ್ಲಿ ಬೇಸಿಗೆಯಲ್ಲಿ ನಡೆಯುವುದು ಇದೇ.

ಇದಕ್ಕೆ ಪರಿಹಾರ ಎರಡು: ಹೆಚ್ಚಿನ ವೋಲ್ಟೇಜಿನ ಮಾರ್ಗವನ್ನು ಊರಿನ ಹತ್ತಿರದವರೆಗೆ ತಂದು ಉಪಕೇಂದ್ರ ಸ್ಥಾಪಿಸುವುದು, 11 ಕೆ.ವಿ. ಮಾರ್ಗಗಳ ಉದ್ದವನ್ನೂ ಹೊರೆಯನ್ನೂ ಕಡಿಮೆ ಮಾಡುವುದು. ಮನೆ ಬಳಕೆಯ ಮತ್ತು ಪಂಪ್‌ಸೆಟ್‌ಗಳ ಫೀಡರುಗಳನ್ನು ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯೂ ಈ ದಿಕ್ಕಿನದೇ.

ಇಲ್ಲಿ ಪಂಚಾಯತಿ ನೀಡಬಹುದಾದ ಮೊದಲ ನೆರವು ಮಾಹಿತಿ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ. ಮೀಟರಿಲ್ಲದ ಕಡೆ ನಿಜವಾದ ಹೊರೆ ಬಿಲ್ಲಿನಲ್ಲಿ ಕಾಣುವುದಿಲ್ಲ. 63 ಕೆ.ವಿ.ಎ. ಪರಿವರ್ತಕವು 5 ಎಚ್.ಪಿ.ಯ ಸುಮಾರು 10 ಪಂಪ್‌ಸೆಟ್‌ಗಳನ್ನು ತಾಳಬಲ್ಲದು. ಕಾಗದದಲ್ಲಿ 5 ಎಚ್.ಪಿ. ಇದ್ದು ಬಾವಿಯಲ್ಲಿ 7.5 ಎಚ್.ಪಿ. ಇದ್ದರೆ ಆ ಲೆಕ್ಕವೇ ತಪ್ಪುತ್ತದೆ. ಪ್ರತಿ ಪರಿವರ್ತಕದ ಅಡಿ ಎಷ್ಟು ಪಂಪ್‌ಸೆಟ್, ಎಷ್ಟು ಎಚ್.ಪಿ. ಎಂಬ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿಯೇ ಸಿದ್ಧಪಡಿಸಿ ಶಾಖಾಧಿಕಾರಿಗಳಿಗೆ ಕೊಡಬಹುದು. ದಂಡ ವಿಧಿಸಲು ಅಲ್ಲ, ಪರಿವರ್ತಕದ ಸಾಮರ್ಥ್ಯ ಹೆಚ್ಚಿಸಲು ಈ ಪಟ್ಟಿ ಎಂಬುದನ್ನು ರೈತರಿಗೆ ಮೊದಲೇ ಮನವರಿಕೆ ಮಾಡಿಕೊಡಬೇಕು. ಆ ಬಗ್ಗೆ ಶಾಖಾಧಿಕಾರಿಗಳೊಂದಿಗೂ ಮುಂಚಿತವಾಗಿ ಮಾತನಾಡಿರಬೇಕು.

2. ಯಾವ ಮಾರ್ಗ ಯಾರದು?

66 ಕೆ.ವಿ. ಮತ್ತು ಅದಕ್ಕೂ ಹೆಚ್ಚಿನ ಪ್ರಸರಣ ಮಾರ್ಗಗಳು ಕೆಪಿಟಿಸಿಎಲ್‌ಗೆ ಸೇರಿದವು. 33 ಕೆ.ವಿ., 11 ಕೆ.ವಿ. ಹಾಗೂ ಮನೆಗೆ ಬರುವ ಮಾರ್ಗಗಳು ನಮ್ಮ ಜಿಲ್ಲೆಯಲ್ಲಿ ಮೆಸ್ಕಾಂಗೆ ಸೇರಿವೆ. ಅರ್ಜಿ ಬರೆಯುವ ಮುನ್ನ ಈ ಭೇದ ತಿಳಿದಿರಬೇಕು. ಎರಡರ ಕಾನೂನು ಕ್ರಮವೂ ಬೇರೆ.

ಮೆಸ್ಕಾಂನಂತಹ ಪರವಾನಗಿದಾರರು ಖಾಸಗಿ ಜಮೀನಿನಲ್ಲಿ ಕಂಬ ನೆಡಲು 2006ರ ಕಾಮಗಾರಿ ನಿಯಮಗಳಂತೆ ಮಾಲೀಕರ ಅಥವಾ ಅನುಭವದಾರರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ದೊರೆಯದಿದ್ದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಲಿಖಿತ ಅನುಮತಿ ಬೇಕು. ಪ್ರಸರಣ ಮಾರ್ಗಗಳಿಗೆ 2003ರ ವಿದ್ಯುಚ್ಛಕ್ತಿ ಅಧಿನಿಯಮದ 164ನೇ ಪ್ರಕರಣದಡಿ ಸರ್ಕಾರವು ವಿಶೇಷ ಅಧಿಕಾರ ನೀಡಬಹುದು. ಅಂತಹ ಆದೇಶವಿದ್ದಲ್ಲಿ ಮಾಲೀಕರ ಪೂರ್ವಾನುಮತಿ ಕಡ್ಡಾಯವಲ್ಲ, ಆದರೆ ನಷ್ಟ ಪರಿಹಾರ ಕಡ್ಡಾಯ. ಆದುದರಿಂದ ಮೊದಲ ಸಭೆಯಲ್ಲಿಯೇ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ.

ಕೆಲವು ಮಾರ್ಗಗಳು ನಮ್ಮ ಊರಿನ ದೀಪಕ್ಕಾಗಿಯೇ ಬರುವುದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. ತುಂಗೆಯಿಂದ ಭದ್ರೆಗೆ 17.40 ಟಿ.ಎಂ.ಸಿ., ಭದ್ರೆಯಿಂದ ಅಜ್ಜಂಪುರ ಸುರಂಗದತ್ತ 29.90 ಟಿ.ಎಂ.ಸಿ. ನೀರನ್ನು ಎತ್ತುವ ಯೋಜನೆಯಿದು. ತರೀಕೆರೆ ತಾಲ್ಲೂಕಿನ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆ ಪಂಪ್‌ಹೌಸ್‌ಗಳಿಗೆ ಭಾರಿ ಪ್ರಮಾಣದ ವಿದ್ಯುತ್ ಬೇಕು. ಹೀಗೆ ದೊಡ್ಡ ಯೋಜನೆಗಾಗಿ ಮಾರ್ಗ ಬರುವಾಗ "ನಮ್ಮೂರಿಗೆ ಇದರಿಂದ ಏನು?" ಎಂಬ ಪ್ರಶ್ನೆ ಸಹಜ. ಅದಕ್ಕೆ ನೇರ ಉತ್ತರ ಕೊಡಬೇಕು. ಊರಿಗೆ ನೇರ ಪ್ರಯೋಜನವಿಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು. ಸುಳ್ಳು ಭರವಸೆಯಿಂದ ಪಡೆದ ಒಪ್ಪಿಗೆ ತಂತಿ ಎಳೆಯುವ ದಿನದವರೆಗೂ ಉಳಿಯುವುದಿಲ್ಲ.

3. ಜಾಡು ಮತ್ತು ಬೆಳೆ

11 ಕೆ.ವಿ. ಮಾರ್ಗಕ್ಕೆ 7 ಮೀಟರ್, 33 ಕೆ.ವಿ.ಗೆ 15 ಮೀಟರ್, 66 ಕೆ.ವಿ.ಗೆ 18 ಮೀಟರ್, 110 ಕೆ.ವಿ.ಗೆ 22 ಮೀಟರ್ ಅಗಲದ ಪಟ್ಟಿ ಬೇಕಾಗುತ್ತದೆ. ರಾಗಿ ಅಥವಾ ಈರುಳ್ಳಿ ಹೊಲದ ಮೇಲೆ ಪ್ರಸರಣ ಮಾರ್ಗ ಹಾದುಹೋದರೆ ಕಾಮಗಾರಿಯ ಹಂಗಾಮು ಕಳೆದ ಬಳಿಕ ಬೇಸಾಯ ಮುಂದುವರಿಯುತ್ತದೆ. ತೆಂಗು ಅಥವಾ ಅಡಿಕೆ ತೋಟದಲ್ಲಿ ಹಾಗಲ್ಲ. ಆ ಪಟ್ಟಿಯಲ್ಲಿ ಎತ್ತರದ ಮರ ಮತ್ತೆ ಬೆಳೆಸುವಂತಿಲ್ಲ. ನಕ್ಷೆಯ ಮೇಲೆ ಎರಡೂ ಒಂದೇ ಗೆರೆಯಾಗಿ ಕಂಡರೂ ಒಂದು ಒಂದು ವರ್ಷದ ನಷ್ಟ, ಇನ್ನೊಂದು ಶಾಶ್ವತ ನಷ್ಟ. ಇದನ್ನು ಸರ್ವೆ ತಂಡದ ಮುಂದಿಡಬೇಕಾದವರು ಊರನ್ನು ಬಲ್ಲ ಸದಸ್ಯರು.

ಹಾಗೆಂದು ಗೆರೆಯನ್ನು ಸುಲಭವಾಗಿ ಗೋಮಾಳಕ್ಕೋ ಅಮೃತಮಹಲ್ ಕಾವಲಿಗೋ ತಳ್ಳುವುದು ಸರಿಯಲ್ಲ. ಅಲ್ಲಿ ಸಹಿ ಹಾಕಬೇಕಾದ ಖಾಸಗಿ ಮಾಲೀಕರಿಲ್ಲದಿದ್ದರೂ ಅದನ್ನು ನಂಬಿದ ಕುರಿ, ದನಗಾಹಿಗಳಿದ್ದಾರೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೂ ಹೌದು. ಅರಣ್ಯ ಭೂಮಿಯ ವಿಷಯದಲ್ಲಿ 2006ರ ಅರಣ್ಯ ಹಕ್ಕುಗಳ ಅಧಿನಿಯಮದ 3(2)ನೇ ಪ್ರಕರಣವನ್ನು ನೆನಪಿಡಿ. ಅದರಂತೆ ಸರ್ಕಾರ ನಿರ್ವಹಿಸುವ ವಿದ್ಯುತ್ ಮಾರ್ಗಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಗ್ರಾಮ ಸಭೆಯ ಶಿಫಾರಸು ಅಗತ್ಯ. ಕಡಿಯುವ ಮರಗಳು ಹೆಕ್ಟೇರಿಗೆ 75 ಮೀರುವಂತಿಲ್ಲ.

4. ಪರಿಹಾರದ ಲೆಕ್ಕ

ಪ್ರಸರಣ ಮಾರ್ಗಗಳ ಪರಿಹಾರ ಕುರಿತು ಕೇಂದ್ರ ವಿದ್ಯುತ್ ಸಚಿವಾಲಯವು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗೋಪುರದ ತಳಭಾಗಕ್ಕೆ ಭೂಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಎಂದಿತ್ತು. 2024ರ ಜೂನ್ ಮಾರ್ಗಸೂಚಿಯು ಇವನ್ನು ಕ್ರಮವಾಗಿ ಶೇ. 200 ಹಾಗೂ ಗ್ರಾಮೀಣ ಪ್ರದೇಶಕ್ಕೆ ಶೇ. 30ಕ್ಕೆ ಏರಿಸಿತು. ತಮ್ಮ ಊರಿನ ಕಾಮಗಾರಿಗೆ ಯಾವ ರಾಜ್ಯ ಆದೇಶ ಅನ್ವಯಿಸುತ್ತದೆ ಎಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು. ಬೆಳೆ ಮತ್ತು ಮರಗಳ ಪರಿಹಾರ ಇದರಿಂದ ಪ್ರತ್ಯೇಕ.

ಉದಾಹರಣೆಗೆ, ಎಕರೆಗೆ 10 ಲಕ್ಷ ರೂಪಾಯಿ ಮೌಲ್ಯವೆಂದಿಟ್ಟುಕೊಳ್ಳೋಣ. ಗುಂಟೆಗೆ 25,000 ರೂಪಾಯಿ. ಗೋಪುರದ ತಳ ಒಂದು ಗುಂಟೆಯಾದರೆ ಶೇ. 200ರಂತೆ 50,000 ರೂಪಾಯಿ. ಅದೇ ಜಮೀನಿನಲ್ಲಿ 66 ಕೆ.ವಿ. ತಂತಿ 100 ಮೀಟರ್ ಹಾಯ್ದರೆ 1,800 ಚದರ ಮೀಟರ್, ಅಂದರೆ ಸುಮಾರು 17.8 ಗುಂಟೆ, ಶೇ. 30ರಂತೆ ಸುಮಾರು 1.33 ಲಕ್ಷ ರೂಪಾಯಿ. ಗೋಪುರವಿಲ್ಲದೆ ತಂತಿ ಮಾತ್ರ ಹಾಯುವ ರೈತರು ತಮಗೇನೂ ಇಲ್ಲವೆಂದು ಸುಮ್ಮನಿರುವುದುಂಟು. ಅವರಿಗೂ ಈ ಲೆಕ್ಕ ತಿಳಿಸಬೇಕು.

5. ಸಭೆ ನಡೆಸುವ ಕ್ರಮ

ಅ) ಸರ್ವೆಗೆ ಮುನ್ನ ವಾರ್ಡ್ ಸಭೆ ಕರೆದು ಅಭಿಯಂತರರಿಂದ ಕನಿಷ್ಠ ಎರಡು ಪರ್ಯಾಯ ಜಾಡುಗಳ ನಕ್ಷೆ ಕೇಳಿ.
ಆ) ಸರ್ವೆ ನಂಬರ್‌ವಾರು ಪಟ್ಟಿಯನ್ನು ಪಂಚಾಯತಿ ಸೂಚನಾ ಫಲಕದಲ್ಲಿ ಪ್ರಕಟಿಸಿ. ಪಹಣಿಯಲ್ಲಿ ತಂದೆಯ ಹೆಸರೇ ಉಳಿದ ಜಮೀನುಗಳನ್ನು ಗುರುತಿಸಿ ಪೌತಿ ಖಾತೆಗೆ ಅರ್ಜಿ ಕೊಡಿಸಿ. ಖಾತೆ ಸರಿಯಿಲ್ಲದಿದ್ದರೆ ಪರಿಹಾರದ ಹಣ ನಿಲ್ಲುತ್ತದೆ.
ಇ) ಮರ ಎಣಿಕೆಯ ಮಹಜರು ರೈತರ ಸಮ್ಮುಖದಲ್ಲಿಯೇ ಆಗಲಿ, ಪ್ರತಿಯೊಂದು ಅವರಿಗೆ ದೊರೆಯಲಿ.
ಈ) ಆಕ್ಷೇಪಣೆಗಳನ್ನು ಹೇಳಿದವರ ಮಾತಿನಲ್ಲಿಯೇ ನಡಾವಳಿಯಲ್ಲಿ ದಾಖಲಿಸಿ.
ಉ) ಕಾಮಗಾರಿ ಮುಗಿದ ನಂತರ 11 ಕೆ.ವಿ. ತಂತಿಗೂ ಮನೆಗೂ ನಡುವೆ ಲಂಬವಾಗಿ 3.7 ಮೀಟರ್, ಅಡ್ಡಲಾಗಿ 1.2 ಮೀಟರ್ ಅಂತರವಿದೆಯೇ ಎಂದು ಪರಿಶೀಲಿಸಿ. ಮನೆ ಕಟ್ಟಲು ಪರವಾನಗಿ ನೀಡುವಾಗಲೂ ಇದನ್ನೇ ನೋಡಿ. ತಂತಿ ಜೋತುಬಿದ್ದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಲು

1. ನಮ್ಮ ವ್ಯಾಪ್ತಿಯಲ್ಲಿ ಪದೇ ಪದೇ ಸುಡುವ ಪರಿವರ್ತಕಗಳು ಎಷ್ಟು, ಅವುಗಳ ಮೇಲಿನ ನಿಜವಾದ ಹೊರೆ ಎಷ್ಟು?
2. ನಮ್ಮ ಊರಿಗೆ ವಿದ್ಯುತ್ ಬರುವುದು ಯಾವ ಉಪಕೇಂದ್ರದಿಂದ, ಎಷ್ಟು ಕಿಲೋಮೀಟರ್ ದೂರದಿಂದ?
3. ನಾಳೆ ಹೊಸ ಮಾರ್ಗ ಮಂಜೂರಾದರೆ ತೋಟ, ಮೇವಿನ ಕಾವಲು, ಶಾಲೆ ಮತ್ತು ಮನೆಗಳನ್ನು ತಪ್ಪಿಸುವ ಜಾಡು ಯಾವುದು?
4. ಆ ಜಾಡಿನಲ್ಲಿರುವ ಎಷ್ಟು ಸರ್ವೆ ನಂಬರ್‌ಗಳ ಖಾತೆ ಇನ್ನೂ ಬದಲಾವಣೆಯಾಗಿಲ್ಲ?

– ಪಂಚಾಯತಿ ಅಭಿವೃದ್ಧಿ ಅಧಿಕಾರಿ