ಬೂದಿ ಗುಡಿಸುವ ಮುಂಚೆ

ಪ್ರಶ್ನೆ: ನಮ್ಮ ಬೀದಿಯಲ್ಲಿ ಮೊನ್ನೆ ಗ್ಯಾಸ್ ಸೋರಿ ಒಂದು ಮನೆ ಸುಟ್ಟುಹೋಯಿತು. ಮನೆಯವರು ಹೊರಗೆ ಓಡಿಬಂದು ಬದುಕಿಕೊಂಡರು, ಆದರೆ ಉಟ್ಟ ಬಟ್ಟೆ ಬಿಟ್ಟರೆ ಏನೂ ಉಳಿಯಲಿಲ್ಲ. ಬೀದಿಯವರೆಲ್ಲ ಸೇರಿ ಅಕ್ಕಿ, ಬಟ್ಟೆ, ಒಂದಿಷ್ಟು ದುಡ್ಡು ಕೊಟ್ಟಿದ್ದೇವೆ. ಇನ್ನೇನು ಮಾಡಬಹುದು? ಸಿಲಿಂಡರಿಗೆ ವಿಮೆ ಇರುತ್ತದಂತೆ, ನಿಜವೇ?
ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ವಿಮೆ ಇರುವುದು ನಿಜ. ಅಧಿಕೃತ ಸಂಪರ್ಕ ಪಡೆದ ಎಲ್ಲ ಗ್ರಾಹಕರ ಪರವಾಗಿ ತೈಲ ಕಂಪನಿಗಳೇ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿರುತ್ತವೆ. ನಾವು ಅದಕ್ಕೆಂದು ಕಂತು ಕಟ್ಟುವುದಿಲ್ಲ, ಕೈಗೆ ಬಾಂಡೂ ಬರುವುದಿಲ್ಲ. ಹಾಗಾಗಿಯೇ ಬಹಳ ಜನಕ್ಕೆ ಗೊತ್ತಿಲ್ಲ. ಗ್ಯಾಸ್ ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ತಲಾ 6 ಲಕ್ಷ ರೂಪಾಯಿ, ಗಾಯಾಳುಗಳ ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಮನೆ ಮತ್ತು ಸಾಮಾನಿನ ನಷ್ಟಕ್ಕೆ ಒಟ್ಟು 2 ಲಕ್ಷದವರೆಗೆ ಸಿಗುವ ವ್ಯವಸ್ಥೆ ಇದು.

ಇದರಲ್ಲಿ ಎರಡು ತೊಡಕುಗಳಿವೆ. ಬೆಂಕಿಗೆ ಮೂಲ ಕಾರಣ ಗ್ಯಾಸೇ ಆಗಿರಬೇಕು. ಶಾರ್ಟ್ ಸರ್ಕ್ಯೂಟಿನ ಬೆಂಕಿ ಅಡುಗೆಮನೆಗೆ ಹಬ್ಬಿ ಆಮೇಲೆ ಸಿಲಿಂಡರ್ ಸಿಡಿದರೆ ಅದು ಇದರೊಳಗೆ ಬರುವುದಿಲ್ಲ. ಇನ್ನೊಂದು ವಿಳಾಸದ್ದು: ಆಸ್ತಿ ನಷ್ಟದ ಪರಿಹಾರ ಸಿಗುವುದು ಸಂಪರ್ಕ ನೋಂದಣಿಯಾದ ವಿಳಾಸಕ್ಕೆ ಮಾತ್ರ. ಊರಿನಲ್ಲಿ ಅತ್ತೆಯ ಹೆಸರಿಗಿದ್ದ ಸಿಲಿಂಡರನ್ನು ಪೇಟೆಯ ಬಾಡಿಗೆ ಮನೆಗೆ ತಂದಿಟ್ಟುಕೊಂಡವರು ಎಷ್ಟು ಮಂದಿ ಇಲ್ಲ! ಅಂಥವರು ಇವತ್ತೇ ಹೋಗಿ ವಿಳಾಸ ಬದಲಿಸಿಕೊಳ್ಳುವುದು ಒಳ್ಳೆಯದು. ಸುಟ್ಟ ಮನೆಯವರು ಮಾಡಬೇಕಾದ್ದು ಇಷ್ಟೆ: ತಡಮಾಡದೆ ಗ್ಯಾಸ್ ಏಜೆನ್ಸಿಗೆ ಬರವಣಿಗೆಯಲ್ಲಿ ತಿಳಿಸಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಏಜೆನ್ಸಿಯವರು ಕಂಪನಿಗೆ, ಕಂಪನಿಯವರು ವಿಮಾ ಸಂಸ್ಥೆಗೆ ತಿಳಿಸುತ್ತಾರೆ. ಗ್ರಾಹಕರು ನೇರವಾಗಿ ವಿಮೆಯವರ ಬಾಗಿಲು ತಟ್ಟಬೇಕಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಅಕ್ಕಿ, ಬಟ್ಟೆ ಕೊಟ್ಟದ್ದು ಸರಿಯೇ. ಆದರೆ ಅಂಥ ಮನೆಗೆ ಹೆಚ್ಚು ಬೇಕಾಗಿರುವುದು ಮುಂದಿನ ಹದಿನೈದು ದಿನ ಫೈಲು ಹಿಡಿದು ಜೊತೆಗೆ ಓಡಾಡುವ ಒಬ್ಬ ಮನುಷ್ಯ. ಮನೆ ಕಳೆದುಕೊಂಡವರಿಗೆ ತಲೆ ಓಡುವುದಿಲ್ಲ. ಯಾವ ಕಚೇರಿಯಲ್ಲಿ ಏನು ಕೇಳಿದರು ಎಂಬುದು ಸಂಜೆಯ ಹೊತ್ತಿಗೆ ಮರೆತುಹೋಗಿರುತ್ತದೆ. ಬೀದಿಯಲ್ಲಿ ನಿವೃತ್ತ ಮೇಷ್ಟ್ರೋ, ಕಾಲೇಜು ಮುಗಿಸಿದ ಹುಡುಗಿಯೋ ಇದ್ದರೆ ಅವರಿಗೆ ಈ ಕೆಲಸ ಒಪ್ಪಿಸಿ.

ಅವರು ಮೊದಲು ಮಾಡಬೇಕಾದ ಕೆಲಸ, ಯಾರೂ ಬೂದಿ ಗುಡಿಸದಂತೆ ನೋಡಿಕೊಳ್ಳುವುದು. ನಮ್ಮ ಜನ ಒಳ್ಳೆಯ ಮನಸ್ಸಿನಿಂದಲೇ ಪೊರಕೆ ಹಿಡಿದು ಬಂದುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕರಕಲು ಬೀರು, ಸುಟ್ಟ ಪೈಪು, ರೆಗ್ಯುಲೇಟರ್ ಎಲ್ಲ ತಿಪ್ಪೆ ಸೇರಿರುತ್ತವೆ. ಪೊಲೀಸರ ಸ್ಥಳ ಮಹಜರು, ಅಗ್ನಿಶಾಮಕ ಠಾಣೆಯ ವರದಿ, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ ಇವು ಮುಗಿಯುವವರೆಗೆ ಇದ್ದದ್ದು ಇದ್ದ ಹಾಗೇ ಇರಲಿ. ಮೊಬೈಲಿನಲ್ಲಿ ಪ್ರತಿ ಕೋಣೆಯ ಫೋಟೊ ತೆಗೆದಿಡಿ. ‘ಬೆಂಕಿ ನಾವೇ ಆರಿಸಿದೆವು, ಫೈರ್ ಇಂಜಿನ್ ಬರಲೇ ಇಲ್ಲ’ ಎನ್ನುವ ಊರುಗಳಲ್ಲೂ ಠಾಣೆಗೆ ದೂರು ಕೊಡಲೇಬೇಕು. ಆ ಕಾಗದ ಇಲ್ಲದೆ ಮುಂದಿನ ಯಾವ ಕಾಗದವೂ ಹುಟ್ಟುವುದಿಲ್ಲ.

ತಹಶೀಲ್ದಾರರಿಗೂ ಒಂದು ಅರ್ಜಿ ಕೊಡಿ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ನೆರೆ, ಬರಗಳ ಸಾಲಿನಲ್ಲೇ ಬೆಂಕಿಯೂ ಇದೆ. 2022ರಲ್ಲಿ ಬಂದ ದರಪಟ್ಟಿಯಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1.2 ಲಕ್ಷ ರೂಪಾಯಿ, ಬಟ್ಟೆಗೆ 2,500, ಪಾತ್ರೆ ಪಗಡೆಗೆ 2,500 ಎಂದಿತ್ತು. 2,500ಕ್ಕೆ ಯಾವ ಅಡುಗೆಮನೆ ತುಂಬುತ್ತದೋ ಲೆಕ್ಕ ಹಾಕಿದವರಿಗೇ ಗೊತ್ತು. ಆದರೂ ಬಿಡಬೇಡಿ.

ಬೂದಿಯ ವಿಷಯಕ್ಕೇ ಮತ್ತೆ ಬಂದರೆ, ಅದನ್ನು ಎಸೆಯುವ ಮುಂಚೆ ಜರಡಿ ಹಿಡಿಯಿರಿ. ಶುದ್ಧ ಚಿನ್ನ ಕರಗಲು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬೇಕು; ಒಡವೆ ಕಪ್ಪಾಗಿ, ಆಕಾರ ಕೆಟ್ಟಾದರೂ ಸಿಕ್ಕೀತು. ಸಾಸಿವೆ ಡಬ್ಬಿಯಲ್ಲೋ ಸೀರೆಯ ಮಡಿಕೆಯಲ್ಲೋ ಆ ಮನೆಯ ತಾಯಿ ಕೂಡಿಟ್ಟ ನೋಟಿನ ಕಟ್ಟು ಕರಕಲಾಗಿದ್ದರೆ ಅದನ್ನು ಬಿಡಿಸಲು, ಎಣಿಸಲು ಹೋಗಬೇಡಿ. ಮುಟ್ಟಿದರೆ ಪುಡಿಯಾಗುತ್ತದೆ. ಕಟ್ಟು ಹೇಗಿದೆಯೋ ಹಾಗೇ ತಗಡಿನ ತುಂಡನ್ನು ಅಡಿಗೆ ತೂರಿಸಿ ಎತ್ತಿ, ಹತ್ತಿ ಹಾಸಿದ ಡಬ್ಬಿಯಲ್ಲಿಡಿ. ಊರಿನ ಬ್ಯಾಂಕು ಇಂಥ ನೋಟು ತೆಗೆದುಕೊಳ್ಳುವುದಿಲ್ಲ. ಅದು ನಿಯಮ, ಮ್ಯಾನೇಜರರ ಮೇಲೆ ರೇಗಿ ಪ್ರಯೋಜನವಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಒಯ್ಯಬೇಕು. ನೋಟಿನ ಎಷ್ಟು ಭಾಗ ಉಳಿದಿದೆ ಎಂದು ಅಲ್ಲಿ ಪರೀಕ್ಷಿಸಿ, ಪೂರ್ತಿಯೋ ಅರ್ಧವೋ ಬೆಲೆ ಕೊಡುತ್ತಾರೆ, ಇಲ್ಲವೇ ತಿರಸ್ಕರಿಸುತ್ತಾರೆ.

ದಾಖಲೆಗಳಲ್ಲಿ ಆಧಾರ್ ಸುಲಭ, ಮತ್ತೆ ಇಳಿಸಿಕೊಳ್ಳಬಹುದು. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ. ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ತೊಡಕಾಗುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಓದಿದ ಶಾಲೆಯ ಮೂಲಕವೇ ಅರ್ಜಿ ಹೋಗಬೇಕಾದ್ದರಿಂದ ಇದನ್ನು ಮೊದಲೇ ಶುರುಮಾಡಿ.

ಬಟ್ಟೆಯ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹಳೇ ಸೀರೆ, ಪ್ಯಾಂಟುಗಳ ಗುಡ್ಡೆಯೇ ಬಂದು ಬಿದ್ದಿರುತ್ತದೆ. ಹೊಸ ಒಳಉಡುಪು, ಚಪ್ಪಲಿ, ಸ್ಯಾನಿಟರಿ ಪ್ಯಾಡ್, ಅಜ್ಜನ ಕನ್ನಡಕ, ಅಜ್ಜಿಯ ಬಿಪಿ ಮಾತ್ರೆ, ಮಕ್ಕಳ ನೋಟ್ಸು ಇವನ್ನು ಯಾರೂ ತಂದಿರುವುದಿಲ್ಲ, ಅವರೂ ಸಂಕೋಚದಿಂದ ಕೇಳಿರುವುದಿಲ್ಲ. ಹೆಂಗಸರ ಬಳಿ ಹೆಂಗಸರೇ ಕೂತು ಕೇಳಬೇಕು. ಮಕ್ಕಳ ನೋಟ್ಸನ್ನು ಸಹಪಾಠಿಗಳು ಪಾಠಕ್ಕೊಬ್ಬರಂತೆ ಹಂಚಿಕೊಂಡು ಬರೆದುಕೊಡಬಹುದು. ಕೂಡಿಸಿದ ದುಡ್ಡನ್ನು ಎಲ್ಲರೆದುರು ಹಾರ ಹಾಕಿ, ಫೋಟೊ ತೆಗೆಸಿ ಕೊಡುವುದು ಬೇಡ. ಎರಡು ತಿಂಗಳ ಮನೆ ಬಾಡಿಗೆಯನ್ನು ಬಾಯಿಬಿಡದೆ ಕಟ್ಟಿದರೆ ಸಾಕು.

ಉಳಿದ ಮನೆಗಳಿಗೂ ಈಗ ಹೆದರಿಕೆ ಹತ್ತಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದಾಗ ಚೆಲ್ಲಿದ ನೀರಿನ ಹಾಗೆ ನೆಲದುದ್ದಕ್ಕೆ ಹರಡಿ ಮಂಚದಡಿ, ತಗ್ಗಿನ ಬಚ್ಚಲಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲುಗಳನ್ನೂ ತೆರೆಯಬೇಕು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೂ ಒಂದು ಕಿಡಿ ಸಾಕು. ಬೆಳಗಿನ ಜಾವ ವಾಸನೆ ಬಂತೆಂದು ಎದ್ದವರು ರೂಢಿಯಲ್ಲಿ ಮೊದಲು ಲೈಟು ಹಾಕುತ್ತಾರೆ, ಅನಾಹುತ ಆಗುವುದೇ ಅಲ್ಲಿ. ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಕೈಗೆ ಸಿಕ್ಕರೆ ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಹೊತ್ತಿಕೊಂಡಿದ್ದರೆ 112. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕದೆ ಒಲೆ ಆರಿಸಿ ತಟ್ಟೆ ಮುಚ್ಚಿ. ಮೈ ಸುಟ್ಟರೆ ಟೂತ್‌ಪೇಸ್ಟ್, ಇಂಕು ಬೇಡ. ಇಪ್ಪತ್ತು ನಿಮಿಷ ನಲ್ಲಿಯ ನೀರು ಹರಿಯಬಿಟ್ಟು ಆಸ್ಪತ್ರೆಗೆ ಹೋಗಿ.

ಕೇಸರಿ ಬಣ್ಣದ ರಬ್ಬರ್ ಪೈಪಿನ ಆಯಸ್ಸು ಐದು ವರ್ಷ. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಒಂದು ಅಕ್ಷರ, ಒಂದು ಇಸವಿ ಬರೆದಿರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಅವಧಿ ದಾಟಿದ ಸಿಲಿಂಡರ್ ಮನೆಗೆ ಬಂದರೆ ಇಳಿಸಿಕೊಳ್ಳಬೇಡಿ, ವಾಪಸು ಕಳಿಸಿ.