ವಡ್ಡಾರಾಧನೆಯ ಕಥನಕ್ರಮ: ನಾಗಶ್ರೀಯು ಹಿಂದಿರುಗಿಸಲು ಹೊರಟ ವ್ರತಗಳು

ಶಿವಾರ್ಯರ ಪ್ರಾಕೃತ ‘ಭಗವತೀ ಆರಾಧನಾ’ ಗ್ರಂಥವು ಅವಂತಿ ಸುಕುಮಾರನ ವೃತ್ತಾಂತವನ್ನು ಒಂದು ಗಾಹೆಯಲ್ಲಿ ಮುಗಿಸಿಬಿಡುತ್ತದೆ. ಮೂರು ರಾತ್ರಿ ನರಿಯು ತನ್ನನ್ನು ತಿನ್ನುತ್ತಿದ್ದರೂ ಆ ಘೋರ ವೇದನೆಯಲ್ಲಿ ಅವನು ಧ್ಯಾನದಿಂದ ಆರಾಧನೆಯನ್ನು ಸಾಧಿಸಿದನೆಂಬಷ್ಟೇ ಅದರ ತಾತ್ಪರ್ಯ. ಅವನು ಯಾರ ಮಗ, ಆ ನರಿಗೆ ಅವನ ಮೇಲೆ ಏನು ಹಗೆ ಎಂಬುದೊಂದೂ ಅಲ್ಲಿಲ್ಲ. ಸಲ್ಲೇಖನೆಯಲ್ಲಿರುವ ಕ್ಷಪಕನ ಕಿವಿಯಲ್ಲಿ ಹೇಳತಕ್ಕ ಮಾತು ಅದು. ಅಲ್ಲಿ ವಿಸ್ತಾರಕ್ಕೆ ಸಮಯವೆಲ್ಲಿಯದು?

ಆ ವಿಸ್ತಾರವನ್ನು ಕನ್ನಡದ ಶ್ರಾವಕರಿಗೆ ಒದಗಿಸಿದುದು ಸುಮಾರು ಹತ್ತನೆಯ ಶತಮಾನದ ‘ವಡ್ಡಾರಾಧನೆ’. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಗದ್ಯಕೃತಿಯಲ್ಲಿ 19 ಕಥೆಗಳಿವೆ. ಪ್ರತಿಯೊಂದೂ ಒಂದು ಗಾಹೆಯಿಂದ ಆರಂಭವಾಗುತ್ತದೆ. ಬೀಜವನ್ನು ಮೊದಲು ಕೈಗಿತ್ತು ಆಮೇಲೆ ಮರವನ್ನು ತೋರಿಸಿದಂತೆ. ಕೊನೆ ಏನೆಂಬುದು ಮೊದಲೇ ತಿಳಿದಿರುವುದರಿಂದ ಓದುಗನ ಕುತೂಹಲವು ‘ಏನಾಯಿತು’ ಎಂಬುದನ್ನು ಬಿಟ್ಟು ‘ಏಕಾಯಿತು’ ಎಂಬುದರ ಕಡೆಗೆ ತಿರುಗುತ್ತದೆ. ಕರ್ಮಸಿದ್ಧಾಂತವನ್ನು ಬೋಧಿಸಬೇಕಾದ ಕಥೆಗೆ ಇದಕ್ಕಿಂತ ತಕ್ಕ ಕ್ರಮವಿಲ್ಲ.

ಮೊದಲನೆಯದೇ ಸುಕುಮಾರಸ್ವಾಮಿಯ ಕಥೆ. ಉಜ್ಜಯಿನಿಯ ಅರಸನು ಮನೆಗೆ ಬಂದಾಗ ಸುಕುಮಾರನು ಕುಳಿತಲ್ಲಿ ನಿಲ್ಲಲಾರನು, ಅವನ ಕಣ್ಣುಗಳಲ್ಲಿ ನೀರು ಸುರಿಯುತ್ತದೆ, ಉಣ್ಣುವಾಗ ಅಗುಳುಗಳನ್ನು ಆರಿಸಿ ಉಗುಳುತ್ತಾನೆ. ಇವು ಮೂರು ವ್ಯಾಧಿಗಳೆಂದು ಅರಸನು ಕನಿಕರಪಡುತ್ತಾನೆ. ತಾಯಿ ಯಶೋಭದ್ರೆ ನಿಜವನ್ನು ತಿಳಿಸುತ್ತಾಳೆ: ಸೇಸೆಯ ಬಿಳಿಸಾಸಿವೆ ಅವನಿಗೆ ಒತ್ತಿತು, ರತ್ನದ ಬೆಳಕಲ್ಲದೆ ದೀಪವನ್ನು ಅವನು ಕಂಡವನಲ್ಲ, ತಾವರೆಯಲ್ಲಿರಿಸಿದ ಅಕ್ಕಿಯ ಅನ್ನವನ್ನಲ್ಲದೆ ಬೇರೆಯದನ್ನು ಉಂಡವನಲ್ಲ. ಕೇಳುವವರು ನಗುತ್ತಾರೆ. ಆದರೆ ಕಥೆಗಾರನು ನಗಿಸುವುದಕ್ಕಾಗಿ ಇದನ್ನು ಹೇಳಲಿಲ್ಲ. ಸಾಸಿವೆಯನ್ನು ಸಹಿಸದ ಆ ದೇಹವೇ ಮುಂದೆ ನರಿಯ ಹಲ್ಲನ್ನು ಮೂರು ರಾತ್ರಿ ಸಹಿಸಬೇಕಾಗಿದೆ. ಅಳತೆಗೋಲನ್ನು ನಮ್ಮ ಕೈಗೆ ಮೊದಲೇ ಕೊಟ್ಟಿಟ್ಟಿದ್ದಾನೆ.

ವ್ರತಗಳ ವಿಚಾರಕ್ಕೆ ಮುಖ್ಯವಾದುದು ಈ ಕಥೆಯ ಒಡಲೊಳಗಿರುವ ನಾಗಶ್ರೀಯ ಪ್ರಸಂಗ. ಪ್ರವಚನದಲ್ಲಿ ಸಮಯ ಸಾಲದೆ ಇದನ್ನು ಹಾರಿಸಿಬಿಡುವುದುಂಟು. ಹಾಗೆ ಮಾಡಬಾರದೆಂದು ನನ್ನ ಅಭಿಪ್ರಾಯ. ಸುಕುಮಾರನ ಜೀವವು ಹಿಂದಿನ ಭವವೊಂದರಲ್ಲಿ ಚಂಪಾನಗರದ ನಾಗಶರ್ಮನೆಂಬ ಬ್ರಾಹ್ಮಣನ ಮಗಳಾಗಿತ್ತು. ನಾಗಪೂಜೆಗೆ ಹೋದ ಆ ಹುಡುಗಿ ಸೂರ್ಯಮಿತ್ರ, ಅಗ್ನಿಭೂತಿ ಎಂಬ ಮುನಿಗಳನ್ನು ಕಂಡು ಐದು ಅಣುವ್ರತಗಳನ್ನು ಕೈಕೊಂಡಳು. ತಂದೆ ಒಪ್ಪದಿದ್ದರೆ ವ್ರತಗಳನ್ನು ನಮಗೇ ತಂದೊಪ್ಪಿಸು ಎಂದು ಮುನಿಗಳು ಹೇಳಿ ಕಳುಹಿಸಿದರು. ಇಡೀ ಪ್ರಸಂಗವು ನಿಂತಿರುವುದು ಈ ಒಂದು ಮಾತಿನ ಮೇಲೆ. ತಂದೆ ಕೋಪಗೊಂಡನು, ಮಗಳು ಎದುರಾಡಲಿಲ್ಲ, ‘ಹಾಗಾದರೆ ಹಿಂದಿರುಗಿಸಿ ಬರೋಣ’ ಎಂದು ಅವನೊಡನೆ ಹೊರಟಳು.

ದಾರಿಯಲ್ಲಿ ದಂಡನೆಗೆ ಒಯ್ಯಲ್ಪಡುತ್ತಿರುವ ಒಬ್ಬನು ಎದುರಾಗುತ್ತಾನೆ. ಇವನೇನು ಮಾಡಿದನೆಂದು ಮಗಳು ಕೇಳುತ್ತಾಳೆ. ಕೊಲೆ ಮಾಡಿದನೆಂದು ತಿಳಿದಾಗ, ಕೊಲ್ಲದಿರುವ ವ್ರತವನ್ನೇ ಅಲ್ಲವೇ ನಾನು ಬಿಡಬೇಕಾದುದು ಎನ್ನುತ್ತಾಳೆ. ತಂದೆ ಯೋಚಿಸಿ, ಅದೊಂದಿರಲಿ, ಉಳಿದವನ್ನು ಹಿಂದಿರುಗಿಸೋಣ ಎನ್ನುತ್ತಾನೆ. ಮುಂದೆ ಹುಸಿ, ಕಳವು, ಪರದಾರಗಮನ, ಅತಿಲೋಭ ಇವುಗಳಿಂದ ಕೆಟ್ಟವರು ಒಬ್ಬೊಬ್ಬರಾಗಿ ಕಾಣಿಸುತ್ತಾರೆ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಮುನಿಗಳ ಸನ್ನಿಧಿಯನ್ನು ತಲಪುವಷ್ಟರಲ್ಲಿ ಹಿಂದಿರುಗಿಸಲು ಒಂದು ವ್ರತವೂ ಉಳಿದಿರುವುದಿಲ್ಲ.

ಪುನರುಕ್ತಿಯನ್ನು ದೋಷವೆಂದು ಎಣಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡನೆಯ ದಂಡಿತನು ಕಾಣಿಸಿಕೊಂಡೊಡನೆ ಕೇಳುವ ಮಕ್ಕಳು ತಂದೆಯ ಉತ್ತರವನ್ನು ತಾವೇ ಹೇಳಬಲ್ಲರು; ಐದು ಅಣುವ್ರತಗಳ ಅನುಕ್ರಮವು ಪ್ರಯಾಸವಿಲ್ಲದೆ ಕಂಠಸ್ಥವಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದುದು, ಇಲ್ಲಿ ಯಾರೂ ಯಾರಿಗೂ ಉಪದೇಶ ಮಾಡದಿರುವುದು. ಮುನಿಗಳು ದಾರಿಯಲ್ಲಿಲ್ಲ. ಮಗಳು ಕೇಳುವವಳು ಮಾತ್ರ. ವ್ರತಗಳನ್ನು ಒಂದೊಂದಾಗಿ ಉಳಿಸುವ ಮಾತು ಬರುವುದು ವಿರೋಧಿಸಿದ ತಂದೆಯ ಬಾಯಿಂದಲೇ. ಎಳೆಯ ಮಗಳು ಅಷ್ಟಮಿಯ ಉಪವಾಸ ಹಿಡಿದರೆ ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವ ತಂದೆಯರು ನಮ್ಮ ಮನೆಗಳಲ್ಲಿಯೂ ಇದ್ದೇವೆ. ನಾಗಶರ್ಮನನ್ನು ಕಥೆಗಾರನು ದುಷ್ಟನನ್ನಾಗಿ ಮಾಡದಿರುವುದು ನಮಗೂ ಒಂದು ಉಪಕಾರ.

ಇನ್ನು ನರಿಯ ವಿಷಯ. ಅದಕ್ಕೂ ಹಿಂದೆ ಈ ಜೀವವು ವಾಯುಭೂತಿಯಾಗಿದ್ದಾಗ ಅತ್ತಿಗೆ ಸೋಮದತ್ತೆಯನ್ನು ಕಾಲಿನಿಂದ ಒದೆದಿದ್ದನು. ಆ ಕಾಲನ್ನೇ ಮುಂದೊಂದು ಭವದಲ್ಲಿ ತಿನ್ನುವೆನೆಂದು ಆಕೆ ನಿದಾನ ಮಾಡಿಕೊಂಡಳು. ಗಾಹೆಯಲ್ಲಿ ಬರಿಯ ‘ನರಿ’ ಎಂದಿದ್ದ ಪ್ರಾಣಿಗೆ ಹೀಗೆ ಒಂದು ಹೆಸರು, ಒಂದು ಅವಮಾನ, ಒಂದು ಕಾರಣ ದೊರೆಯುತ್ತದೆ. ಸುಕುಮಾರನು ವ್ರತವನ್ನು ಕಾದಂತೆ ಆಕೆ ಹಗೆಯನ್ನು ಕಾದಳು. ಭವಾಂತರಕ್ಕೆ ಎರಡೂ ಜೊತೆಯಲ್ಲಿಯೇ ಬಂದವು.

ಸ್ವಾಧ್ಯಾಯಕ್ಕೆ ಕುಳಿತವರು ಕಥೆಯನ್ನು ಒಮ್ಮೆ ಪೂರ್ತಿಯಾಗಿ ಓದಿದ ಬಳಿಕ ಮೊದಲ ಗಾಹೆಗೆ ಮರಳಿ ಬರಬೇಕು. ನಾಗಶ್ರೀಯ ದಾರಿಯನ್ನು ದಿನಕ್ಕೊಂದು ದಂಡನೆಯಂತೆ ಐದು ದಿನಗಳಲ್ಲಿ ಓದಿ, ತಂದೆಯ ಉತ್ತರವನ್ನು ಮಕ್ಕಳಿಂದ ಹೇಳಿಸಬಹುದು.