ಇಳಿವಯಸ್ಸಿನಲ್ಲಿ ಬೀಳದೆ ಬಾಳಲು



ಇಳಿವಯಸ್ಸಿನ ಆರೋಗ್ಯವೆಂದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಕೃಷಿಕ ಕುಟುಂಬಗಳ ಎಷ್ಟೋ ಹಿರಿಯರು ಹಾಸಿಗೆ ಹಿಡಿಯಲು ಒಂದು ಸಣ್ಣ ಜಾರುವಿಕೆಯೇ ಸಾಕಾಗುತ್ತದೆ. ನಿನ್ನೆಯವರೆಗೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರು ಬಚ್ಚಲಿನಲ್ಲೋ ಅಂಗಳದಲ್ಲೋ ಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಳ್ಳುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿದೆ. 60 ವರ್ಷ ದಾಟಿದವರಲ್ಲಿ ಇಂತಹ ಸಾವು ಹೆಚ್ಚು.

ಮೂಳೆ ಮುರಿದು ವಾರಗಟ್ಟಲೆ ಮಲಗಿದವರಿಗೆ ಬೆನ್ನಿನಲ್ಲಿ ಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕು ಬರುವ ಭಯವಿದೆ. ಹೀಗೆ ಮಲಗಿದವರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಅವರ ನೋವಿನ ಜೊತೆಗೆ ಮನೆಯವರ ಆಯಾಸವೂ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಬಹಳಷ್ಟನ್ನು ದಿನನಿತ್ಯದ ಸಣ್ಣ ಅಭ್ಯಾಸಗಳಿಂದ ತಪ್ಪಿಸಬಹುದು.

ಬೀಳುವುದೇಕೆ?

ಪ್ರಾಯವಾದಂತೆ ಕಾಲಿನ ಸ್ನಾಯುಗಳು ಕರಗುತ್ತವೆ; 60ರ ನಂತರ ಇದು ಇನ್ನೂ ಬೇಗ ಆಗುತ್ತದೆ. ಕಣ್ಣು ಮಂಜಾಗುತ್ತದೆ. ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಇವುಗಳ ಜೊತೆಗೆ ಮಕ್ಕಳ ಪ್ರೀತಿಯೂ ಕೆಲವೊಮ್ಮೆ ಕಾರಣವಾಗುತ್ತದೆ. "ಅಪ್ಪಾ, ನೀವಿನ್ನು ಸುಮ್ಮನೆ ಕುಳಿತುಕೊಳ್ಳಿ, ತೋಟ ನಾವು ನೋಡಿಕೊಳ್ಳುತ್ತೇವೆ" ಎಂದು ಹೇಳಿ ಅವರನ್ನು ಜಗಲಿಯಲ್ಲಿ ಕೂರಿಸುತ್ತೇವೆ. ಕುಳಿತೇ ಇದ್ದ ಕಾಲು ವರ್ಷದೊಳಗೆ ಬಲ ಕಳೆದುಕೊಳ್ಳುತ್ತದೆ. ಭಾರದ ಕೆಲಸ ಬಿಡಿಸೋಣ. ನಡೆಯುವ ಕೆಲಸವನ್ನು ಬಿಡಿಸುವುದು ಬೇಡ.

ದಿನದ ಅಭ್ಯಾಸಗಳು

1. ನಿಧಾನವಾಗಿ ಏಳಿರಿ. ಎಚ್ಚರವಾದ ಮೇಲೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಬಳಿಕ ನಿಲ್ಲಿರಿ. ರಾತ್ರಿ ಮೂತ್ರಕ್ಕೆ ಏಳುವಾಗ ಇದು ಇನ್ನೂ ಮುಖ್ಯ. ದಿಂಬಿನ ಪಕ್ಕದಲ್ಲಿ ಟಾರ್ಚ್ ಇರಲಿ.

2. ಕಾಲಿಗೆ ಕೆಲಸ ಕೊಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಸಾಧ್ಯವಾದರೆ ಕೈ ಊರದೆ, ಬೆಳಿಗ್ಗೆ 10 ಸಲ, ಸಂಜೆ 10 ಸಲ ಎದ್ದು ಕುಳಿತುಕೊಳ್ಳಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿಯನ್ನು 10 ಸಲ ಎತ್ತಿರಿ. ಹಾಗೆಯೇ ಹಿಡಿದುಕೊಂಡು ಒಂದೊಂದು ಕಾಲಿನಲ್ಲಿ 10 ಸೆಕೆಂಡು ನಿಲ್ಲಿರಿ. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ, ವಾರಕ್ಕೆ ಬೇಕೆಂದು ತಜ್ಞರು ಹೇಳುವ 150 ನಿಮಿಷಗಳಾಗುತ್ತವೆ. ಎದೆನೋವು, ಉಬ್ಬಸ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

3. ಗಂಜಿಯೊಂದೇ ಸಾಲದು. ಹಲ್ಲು ಹೋದವರು ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವುದುಂಟು. ಇದರಿಂದ ಹೊಟ್ಟೆ ತುಂಬಿದರೂ ಸ್ನಾಯುವಿಗೆ ಬೇಕಾದ ಪ್ರೋಟೀನು ಸಿಗುವುದಿಲ್ಲ. 50 ಕಿಲೊ ತೂಕದ ಹಿರಿಯರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಗಂಜಿಯ ಜೊತೆಗೆ ಮೆತ್ತಗೆ ಬೇಯಿಸಿದ ಹೆಸರು, ಹುರುಳಿ, ಮೀನು, ಮೊಟ್ಟೆಗಳಲ್ಲಿ ಯಾವುದಾದರೊಂದು ಪ್ರತಿ ಊಟದಲ್ಲೂ ಇರಲಿ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು. ಮೂಳೆ ಗಟ್ಟಿಯಾಗಿರಲು ಮೈಗೆ ಸ್ವಲ್ಪ ಬಿಸಿಲೂ ಬೀಳಬೇಕು.

4. ಅಂಗಳ, ಬಚ್ಚಲು ನೋಡಿಕೊಳ್ಳಿ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಅಂಗಳ, ಬಾವಿಕಟ್ಟೆ, ಮೆಟ್ಟಿಲುಗಳಿಗೆ ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿರಿ. ನಡೆಯುವ ದಾರಿಗೆ ತೆಂಗಿನ ಮಡಲು ಹಾಸಿರಿ. ಬಚ್ಚಲಿನ ಗೋಡೆಗೆ ಹಿಡಿಯಲು ಒಂದು ಗಟ್ಟಿ ಕಬ್ಬಿಣದ ಪೈಪು ಹಾಕಿಸಿರಿ. ಬಾಗಿಲಲ್ಲಿ ಮಡಚಿಕೊಳ್ಳುವ ಗೋಣಿ, ಅಡಿ ಸವೆದ ರಬ್ಬರ್ ಚಪ್ಪಲಿ ಇವೆರಡನ್ನೂ ಇಂದೇ ಬಿಸಾಡಿರಿ.

5. ಕಣ್ಣು, ಮಾತ್ರೆ ಪರೀಕ್ಷಿಸಿಕೊಳ್ಳಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿರಿ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಡಿ. ನಿದ್ದೆಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದ ತಲೆ ತಿರುಗುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ.

ಬಿದ್ದರೆ ಏನು ಮಾಡಬೇಕು?

ಬಿದ್ದವರನ್ನು ತಕ್ಷಣ ಎಳೆದು ನಿಲ್ಲಿಸಬೇಡಿ. ಕಾಲೂರಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರುವ ಸಂಭವ ಹೆಚ್ಚು. ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕಟ್ಟುವುದು ಬೇಡ. ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. "ಈ ಪ್ರಾಯದಲ್ಲಿ ಆಪರೇಶನ್ ಯಾಕೆ?" ಎನ್ನುವ ಮಾತು ಸರಿಯಲ್ಲ. ಬೇಗನೆ ಶಸ್ತ್ರಚಿಕಿತ್ಸೆಯಾದರೆ ಹಿರಿಯರು ಬೇಗನೆ ಎದ್ದು ಕೂರಬಹುದು. ಮಲಗಿಯೇ ಇರುವ ಅಪಾಯ ತಪ್ಪುತ್ತದೆ. ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಎಷ್ಟೋ ಹಿರಿಯರು ಬಿದ್ದದ್ದನ್ನು ಮನೆಯವರಿಗೆ ಹೇಳುವುದಿಲ್ಲ. ಹೇಳಿದರೆ ಬೈಗುಳ ಸಿಗಬಹುದು, ಹೊರಗೆ ಹೋಗುವುದನ್ನೇ ನಿಲ್ಲಿಸಬಹುದೆಂಬ ಅಂಜಿಕೆ. ಒಮ್ಮೆ ಬಿದ್ದವರು ಪುನಃ ಬೀಳುವ ಸಂಭವ ಹೆಚ್ಚು. ಆದುದರಿಂದ ಮಕ್ಕಳು, ಸೊಸೆಯಂದಿರು ಗದರದೆ ಕೇಳಿ ತಿಳಿದುಕೊಳ್ಳಬೇಕು. ಊರುಗೋಲು ಹಿಡಿಯಲು ನಾಚಿಕೆಪಡುವ ಅಜ್ಜನಿಗೆ ಮೊಮ್ಮಗನೇ ಒಂದನ್ನು ತಂದುಕೊಡಲಿ. ಅಜ್ಜಿ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವಾಗ ಮೊಮ್ಮಕ್ಕಳು ಪಕ್ಕದಲ್ಲಿ ನಿಂತು ಎಣಿಸಲಿ. ಈ ವಾರವೇ ಮನೆಯವರೆಲ್ಲ ಸೇರಿ ಅಂಗಳ, ಬಚ್ಚಲು, ಚಪ್ಪಲಿಗಳನ್ನು ಒಮ್ಮೆ ನೋಡಿಬಿಡಿ.